ಒಮ್ಮೆ ಮಡಿ, ಒಮ್ಮೆ ಮೈಲಿಗೆ

ನಿನ್ನೆಯವರೆಗೆ ಪಾದ್ರಿಗಳ, ಕಾರ್ಮಿಕ ನಾಯಕರ, ಕವಿಗಳ ಬೆನ್ನು ಬಿದ್ದಿದ್ದ ರಹಸ್ಯ ಪೊಲೀಸರನ್ನು ಪ್ರಜಾಪ್ರಭುತ್ವ ಏನು ಮಾಡಬೇಕು? 1990ರಲ್ಲಿ ಪೋಲೆಂಡ್ ಸರ್ಕಾರಕ್ಕೆ ಹೊಳೆದದ್ದು ಎಲ್ಲ ಸರ್ಕಾರಗಳಿಗೂ ಹೊಳೆಯುವ ಉಪಾಯವೇ: ಯಾರನ್ನು ಹೊಸ ಪಡೆಗೆ ತೆಗೆದುಕೊಳ್ಳಬಹುದು ಎಂದು ನಿರ್ಧರಿಸಲು ಸಮಿತಿ ರಚನೆ. ಕಮ್ಯುನಿಸ್ಟರ ಕಾಲದ ‘ಎಸ್‌ಬಿ’ ಎಂಬ ರಹಸ್ಯ ಪೊಲೀಸ್ ಪಡೆ ರದ್ದಾಯಿತು. ಅದರ ಸುಮಾರು 14 ಸಾವಿರ ಅಧಿಕಾರಿಗಳು ಸಮಿತಿಗಳ ಮುಂದೆ ಕುಳಿತರು. ಅವರಲ್ಲಿ ಸುಮಾರು 10 ಸಾವಿರ ಮಂದಿ ಪಂಚಗವ್ಯ ಕುಡಿದವರಂತೆ ಮಡಿಯಾಗಿ ಎದ್ದರು. ಆ ಹೊತ್ತಿಗೆ ಕಡತಗಳು ಎಷ್ಟೋ ಸುಟ್ಟು ಬೂದಿಯಾಗಿದ್ದವು. ಆತ್ಮಸಾಕ್ಷಿಯ ಪರೀಕ್ಷೆಗೆ ಇದಕ್ಕಿಂತ ಅನುಕೂಲದ ವಾತಾವರಣ ಇನ್ನೇನು ಬೇಕು?

1992ರಲ್ಲಿ ನಿರ್ದೇಶಕ ವ್ವಾದಿಸ್ವಾವ್ ಪಾಸಿಕೋವ್‌ಸ್ಕಿ ಈ ಸಮಿತಿಯಿಂದಲೇ ಒಂದು ಥ್ರಿಲ್ಲರ್ ಸಿನಿಮಾ ಶುರುಮಾಡಿದರು. ಹೆಸರು ‘ಪ್ಸಿ’, ಅಂದರೆ ನಾಯಿಗಳು. ಬೊಗುಸ್ವಾವ್ ಲಿಂಡಾ ನಟಿಸಿದ ಫ್ರಾಂಜ್ ಮೌರರ್ ಹಳೆಯ ಎಸ್‌ಬಿ ಅಧಿಕಾರಿ. ಸಮಿತಿಯ ಮುಂದೆ ನಿಂತಾಗ ಅವನಲ್ಲಿ ಪಶ್ಚಾತ್ತಾಪವೂ ಇಲ್ಲ, ಅದರ ನಟನೆಯೂ ಇಲ್ಲ. ಅವನು ಪೊಲೀಸ್ ಇಲಾಖೆ ಸೇರುತ್ತಾನೆ, ಗೆಳೆಯ ಮಾಫಿಯಾ ಸೇರುತ್ತಾನೆ. ಸಹೋದ್ಯೋಗಿಗಳು ಕಸದ ತಿಪ್ಪೆಯಲ್ಲಿ ಕಡತಗಳಿಗೆ ಬೆಂಕಿ ಹಚ್ಚುತ್ತಾರೆ. ಕಮ್ಯುನಿಸಂ ಸೋಲಿಸಿ ಇನ್ನೂ ನಾಲ್ಕು ವರ್ಷ ಆಗಿರಲಿಲ್ಲ, ಅಷ್ಟರಲ್ಲೇ ಜನ ಟಿಕೆಟ್ ಕೊಂಡು ಹೋಗಿ ಅದೇ ಪಡೆಯವನೊಬ್ಬನನ್ನು ನಾಯಕನೆಂದು ಒಪ್ಪಿಕೊಂಡರು. ಅವನ ಮಾತುಗಳನ್ನು ಬಾಯಿಪಾಠ ಮಾಡಿಕೊಂಡರು.

ಒಂದು ದೃಶ್ಯ ಮಾತ್ರ ಹಿರಿಯರ ಗಂಟಲಲ್ಲಿ ಇಳಿಯಲಿಲ್ಲ. 1970ರ ಡಿಸೆಂಬರಿನಲ್ಲಿ ಗ್ದಿನಿಯಾದಲ್ಲಿ ಸರ್ಕಾರದ ಗುಂಡಿಗೆ ಬಲಿಯಾದ ಯುವಕನ ಮೇಲೆ ಕಟ್ಟಿದ ಹಾಡೊಂದಿದೆ. ಹಿರಿಯ ನಿರ್ದೇಶಕ ಆಂದ್ಜೆಯ್ ವಾಯ್ದಾ 1981ರ ತಮ್ಮ ಚಿತ್ರದಲ್ಲಿ ಅದನ್ನು ಹಾಡಿಸಿ ದೇಶದ ಕಣ್ಣಲ್ಲಿ ನೀರು ತರಿಸಿದ್ದರು. ‘ಪ್ಸಿ’ಯಲ್ಲಿ ಅದೇ ಹಾಡನ್ನು ಹಾಡುವವರು ಎಸ್‌ಬಿ ಅಧಿಕಾರಿಗಳು. ಹೆಗಲ ಮೇಲಿರುವುದು ಹುತಾತ್ಮನಲ್ಲ, ಕುಡಿದು ಬಿದ್ದ ಗೆಳೆಯ. ಅಪಚಾರ ಎಂದು ಕೂಗೆದ್ದಿತು. ಸಾವಿರಾರು ಜನರನ್ನು ಮಡಿ ಮಾಡಿ ಕಳುಹಿಸಿದ ಸಮಿತಿಗಳಿಗಿಂತ ಒಬ್ಬ ಕುಡುಕನ ಮೆರವಣಿಗೆ ದೊಡ್ಡ ಅಪಚಾರವಾಗಿ ಕಂಡಿತೆಂದರೆ, ಸಿನಿಮಾ ಮಾಧ್ಯಮದ ಶಕ್ತಿಯನ್ನು ಮೆಚ್ಚಲೇಬೇಕು.

ಪಂಚಗವ್ಯಕ್ಕೂ ಅವಧಿ ಮೀರುತ್ತದೆ ಎಂಬುದು ತಿಳಿದದ್ದು 2016ರ ಡಿಸೆಂಬರ್ 16ರಂದು. ಸಂಸತ್ತಿನ ಮುಖ್ಯ ಸಭಾಂಗಣದಲ್ಲಿ ವಿರೋಧ ಪಕ್ಷದವರು ಬೀಡುಬಿಟ್ಟಿದ್ದರು. ಆಳುವ ಪಕ್ಷ ಪಕ್ಕದ ಸಭಾಂಗಣಕ್ಕೆ ಹೋಗಿ, ಕೈ ಎತ್ತಿಸಿ, ಬಜೆಟ್ಟಿನ ಜೊತೆಗೆ ಇನ್ನೊಂದು ಕಾನೂನನ್ನೂ ಪಾಸು ಮಾಡಿತು: ಹಳೆಯ ಭದ್ರತಾ ಪಡೆಗಳಲ್ಲಿ ಒಂದೇ ಒಂದು ದಿನ ದುಡಿದಿದ್ದರೂ ಪಿಂಚಣಿಗೆ ಕತ್ತರಿ. 1990ರ ಸಮಿತಿ ಮಡಿ ಎಂದಿದ್ದವರೂ, ಆಮೇಲೆ ಸ್ವತಂತ್ರ ಪೋಲೆಂಡಿಗಾಗಿ ವರ್ಷಗಟ್ಟಲೆ ದುಡಿದವರೂ ಮತ್ತೆ ಮೈಲಿಗೆ. ಹಿಂಸೆ ಕೊಟ್ಟವನಿಗೂ ಕಚೇರಿಯಲ್ಲಿ ಬೆರಳಚ್ಚು ಮಾಡಿದವಳಿಗೂ ಒಂದೇ ತಕ್ಕಡಿ. ಕಡತ ಸುಟ್ಟವರಿಗೂ ಗೊತ್ತಿರದ ಸತ್ಯವಿದು: ಎಲ್ಲ ಸುಟ್ಟರೂ ಸಂಬಳದ ಪಟ್ಟಿ ಉಳಿಯುತ್ತದೆ.

2020ರಲ್ಲಿ ‘ಪ್ಸಿ’ಯ ಮೂರನೆಯ ಭಾಗ ಬಂತು. ಮೌರರ್ 25 ವರ್ಷ ಜೈಲಿನಲ್ಲಿದ್ದು ಹೊರಬರುತ್ತಾನೆ, ಮತ್ತೆ ಬಂದೂಕು ಹಿಡಿಯುತ್ತಾನೆ. ನಾಲ್ಕನೆಯದನ್ನು ತೆಗೆಯುವವರಿದ್ದರೆ ಬಂದೂಕಿನ ಖರ್ಚು ಬೇಡ. ಮೌರರ್ ಪಿಂಚಣಿ ಕಚೇರಿಯ ಕಿಟಕಿಯ ಮುಂದೆ 1990ರ ಪ್ರಮಾಣಪತ್ರ ಹಿಡಿದು ನಿಂತಿರಲಿ. ಒಳಗಿನ ಗುಮಾಸ್ತ ಅದರ ಜೆರಾಕ್ಸ್ ಪ್ರತಿ ಕೇಳಲಿ.