ದಿನಾ ಓಡಿಸುವ ಲಕ್ಸುರಿ ಎಸ್‌ಯುವಿಗೆ ಮಾಮೂಲಿ ಸ್ಪ್ರಿಂಗೇ ಸಾಕು

ಹೊಸದರಲ್ಲಿ ಕೈಗೆಟುಕದ ಲಕ್ಸುರಿ ಎಸ್‌ಯುವಿ ಏಳೆಂಟು ವರ್ಷ ಕಳೆದ ಮೇಲೆ ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಸಾಧಾರಣ ಹೊಸ ಕಾರಿನ ಬೆಲೆಗೆ ಸಿಗುತ್ತದೆ. ಆಸೆಯಾಗುವುದು ಸಹಜ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದು ಲೆಕ್ಕ ಮೊದಲೇ ತಲೆಯಲ್ಲಿರಬೇಕು. ಇಳಿದಿರುವುದು ಗಾಡಿಯ ಬೆಲೆ ಮಾತ್ರ. ಅದರ ಬ್ರೇಕ್ ಡಿಸ್ಕು, ಟರ್ಬೊ, ಹೆಡ್‌ಲೈಟು, ಏರ್ ಸ್ಪ್ರಿಂಗುಗಳ ಬೆಲೆ ಇಳಿದಿಲ್ಲ, ಎಷ್ಟೋ ಸಲ ಏರಿರುತ್ತದೆ. ಮೂರನೇ ಒಂದು ಪಾಲು ಕೊಟ್ಟು ತಂದ ಗಾಡಿಗೆ ಪೂರ್ತಿ ಬೆಲೆಯ ಬಿಡಿಭಾಗ ಹಾಕಿಸಬೇಕಾಗುತ್ತದೆ.

ವಾರಕ್ಕೊಮ್ಮೆ ಹೊರಗೆ ತೆಗೆಯುವ ಗಾಡಿಯಾದರೆ ಒಂದು ಬಿಡಿಭಾಗಕ್ಕಾಗಿ ಮೂರು ವಾರ ಕಾಯಬಹುದು. ದಿನಾ ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು ಕೆಲಸಕ್ಕೆ ಹೋಗಬೇಕಾದ ಗಾಡಿಗೆ ಆ ರಿಯಾಯಿತಿ ಇಲ್ಲ. ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿಯೇ ಹೇಳುತ್ತೇನೆ: ಯಾವ ಕಂಪನಿಯದೇ ಆಗಲಿ, ದಿನದ ಓಡಾಟಕ್ಕೆ ಆ ಮಾಡೆಲ್‌ನಲ್ಲಿ ಅತ್ಯಂತ ಸರಳವಾಗಿರುವುದನ್ನು ತೆಗೆದುಕೊಳ್ಳಿ. ಆರು ಸಿಲಿಂಡರಿನ ಎಂಜಿನ್, ಲೋಹದ ಸುರುಳಿಯ ಮಾಮೂಲಿ ಕಾಯಿಲ್ ಸ್ಪ್ರಿಂಗ್, 18 ಅಥವಾ 19 ಇಂಚಿನ ಚಕ್ರ. ಮಾರುವವರು 'ಫುಲ್ ಆಪ್ಷನ್ ಗಾಡಿ' ಎಂದು ಹೊಗಳುವಾಗ ನೀವು ಆ ಆಪ್ಷನ್‌ಗಳನ್ನು ಒಂದೊಂದಾಗಿ ಎಣಿಸಿ. ಹತ್ತನೇ ವರ್ಷದಲ್ಲಿ ಅವೆಲ್ಲ ರಿಪೇರಿಯ ಪಟ್ಟಿಗೆ ಸೇರುತ್ತವೆ.

ಏರ್ ಸಸ್ಪೆನ್ಷನ್‌ನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಜನ ಹೆಚ್ಚು ಪೆಟ್ಟು ತಿನ್ನುವುದು ಇಲ್ಲೇ. ಲೋಹದ ಸ್ಪ್ರಿಂಗಿನ ಜಾಗದಲ್ಲಿ ಗಾಳಿ ತುಂಬಿದ ರಬ್ಬರ್ ಚೀಲ ಇರುತ್ತದೆ. ಗಾಡಿ ಮೇಲೆ ಕೆಳಗೆ ಆಡಿದಂತೆಲ್ಲ ಆ ಚೀಲದ ಕೆಳತುದಿಯ ಮಡಿಕೆ ಸುರುಳಿಯಾಗಿ ಒಳಗೆ ಹೊರಗೆ ಹೊರಳುತ್ತದೆ. ವರ್ಷಗಳು ಕಳೆದಂತೆ ಅದೇ ಮಡಿಕೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟು ಗಾಳಿ ಸೋರಲು ಶುರುವಾಗುತ್ತದೆ. ಮೊದಮೊದಲು ಗೊತ್ತೇ ಆಗುವುದಿಲ್ಲ. ರಾತ್ರಿಯೆಲ್ಲ ನಿಂತ ಗಾಡಿ ಬೆಳಿಗ್ಗೆ ಒಂದು ಮೂಲೆಯಲ್ಲಿ ಕುಸಿದಿರುತ್ತದೆ, ಸ್ಟಾರ್ಟ್ ಮಾಡಿದರೆ ಮೇಲೇಳುತ್ತದೆ. ಮಾಲೀಕರು ಸರಿಯಾಯಿತು ಅಂದುಕೊಳ್ಳುತ್ತಾರೆ. ಅಲ್ಲೇ ನಷ್ಟ ಆರಂಭ. ಆಗೊಮ್ಮೆ ಈಗೊಮ್ಮೆ ಸ್ವಲ್ಪ ಹೊತ್ತು ಓಡಲೆಂದು ಮಾಡಿದ, ಚೀಲಕ್ಕೆ ಗಾಳಿ ತುಂಬುವ ಕಂಪ್ರೆಸರ್ ದಿನಾ ಹತ್ತಾರು ಸಲ ಓಡಿ ಬಿಸಿಯಾಗುತ್ತದೆ, ಒಳಗಿನ ಪಿಸ್ಟನ್ ರಿಂಗ್ ಸವೆಯುತ್ತದೆ, ಕೊನೆಗೆ ಸುಟ್ಟುಹೋಗುತ್ತದೆ. ಆದ್ದರಿಂದ ಬಿಲ್ಲುಗಳಲ್ಲಿ ಹೊಸ ಕಂಪ್ರೆಸರ್ ಹಾಕಿಸಿದ್ದು ಕಂಡು ಸ್ಪ್ರಿಂಗ್ ಬದಲಾಯಿಸಿದ್ದು ಕಾಣದಿದ್ದರೆ ಸಮಾಧಾನಪಡಬೇಡಿ. ಸೋರಿಕೆ ಬಹುಶಃ ಹಾಗೇ ಇದೆ, ಹೊಸ ಕಂಪ್ರೆಸರೂ ಅದೇ ದಾರಿ ಹಿಡಿಯುತ್ತದೆ.

ಪರೀಕ್ಷೆ ಸುಲಭ, ಒಂದು ಅಳತೆ ಟೇಪು ಸಾಕು. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಪ್ರತಿ ಚಕ್ರದ ನಡುಮಧ್ಯದಿಂದ ಮೇಲಿನ ಫೆಂಡರಿನ ಅಂಚಿನವರೆಗೆ ಅಳೆದು ನಾಲ್ಕೂ ಸಂಖ್ಯೆ ಬರೆದುಕೊಳ್ಳಿ. ರಾತ್ರಿಯೆಲ್ಲ, ಸುಮಾರು ಹನ್ನೆರಡು ತಾಸು ಹಾಗೇ ಬಿಟ್ಟು ಬೆಳಿಗ್ಗೆ ಬಾಗಿಲು ಕೂಡ ತೆರೆಯದೆ ಮತ್ತೆ ಅಳೆಯಿರಿ. ನಾಲ್ಕೂ ಮೂಲೆ ಸಮನಾಗಿ ಕೆಲವು ಮಿಲಿಮೀಟರ್ ಇಳಿದಿದ್ದರೆ ಚಿಂತೆಯಿಲ್ಲ. ಒಂದೇ ಮೂಲೆ 10 ಮಿಲಿಮೀಟರಿಗಿಂತ ಹೆಚ್ಚು ಕುಸಿದಿದ್ದರೆ ಆ ಚೀಲವೋ ಅದರ ಪೈಪಿನ ಜೋಡಣೆಯೋ ಸೋರುತ್ತಿದೆ. ಸೋಪಿನ ನೀರು ಸಿಂಪಡಿಸಿದರೆ ಗುಳ್ಳೆ ಏಳುವ ಜಾಗ ಸಿಗುತ್ತದೆ. ಆಮೇಲೆ ಎಂಜಿನ್ ಶುರು ಮಾಡಿ ಅತಿ ಎತ್ತರದ ಮಟ್ಟಕ್ಕೆ ಏರಿಸಿ. ನಿಮಿಷಗಟ್ಟಲೆ ಒದ್ದಾಡಿದರೆ ಕಂಪ್ರೆಸರ್ ಸೋತಿದೆ. ಮಾರುವವರು ರಾತ್ರಿಯೆಲ್ಲ ಗಾಡಿ ನಿಲ್ಲಿಸಿ ಅಳೆಯಲು ಒಪ್ಪದಿದ್ದರೆ ಆ ಗಾಡಿ ಬಿಡುವುದೇ ಲೇಸು.

ರೇಂಜ್ ರೋವರ್, ಮರ್ಸಿಡಿಸ್ ಜಿಎಲ್ ಮತ್ತು ಜಿಎಲ್‌ಎಸ್‌ಗಳಲ್ಲಿ ಗಾಳಿಯ ಸ್ಪ್ರಿಂಗ್ ತಪ್ಪಿಸಿಕೊಳ್ಳಲಾಗದು. ಆಡಿ ಕ್ಯೂ7, ಪೋರ್ಶೆ ಕೇಯೆನ್, ಮರ್ಸಿಡಿಸ್ ಎಂಎಲ್‌ಗಳಲ್ಲಿ ಅದು ಆಪ್ಷನ್ ಆಗಿ ಬಂದಿದ್ದರಿಂದ ಮಾಮೂಲಿ ಸ್ಪ್ರಿಂಗಿನವೂ ಸಿಗುತ್ತವೆ, ಹುಡುಕಬೇಕು ಅಷ್ಟೇ. ಬಿಎಂಡಬ್ಲ್ಯು ಎಕ್ಸ್5ರ ಇ70 ತಲೆಮಾರಿನಲ್ಲಿ ಗಾಳಿ ಚೀಲ ಬಂದರೆ ಹಿಂದೆ ಮಾತ್ರ, ಏಳು ಸೀಟಿನವುಗಳಲ್ಲಿ ಅದನ್ನು ತಪ್ಪದೆ ನೋಡಿ.

ಇನ್ನು ಎಂಜಿನ್. ಪೂರ್ತಿ ತಣ್ಣಗಿರುವಾಗಲೇ ನೋಡಬೇಕು. ನೀವು ಹೋದಾಗ ಬಾನೆಟ್ ಮುಟ್ಟಿ ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆಂದು ಹೇಳಿ ಹೊರಡಿ. ಮೊದಲ ಎರಡು ಮೂರು ಸೆಕೆಂಡಿನಲ್ಲಿ ಕೇಳುವ ಶಬ್ದಕ್ಕೇ ಬೆಲೆ ಹೆಚ್ಚು. ಆಯಿಲ್ ಒತ್ತಡ ಏರುವ ಮುನ್ನ ಸಡಿಲಗೊಂಡ ಟೈಮಿಂಗ್ ಚೈನ್ (ಎಂಜಿನ್ನಿನ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ಆಡಿಸುವ ಸರಪಳಿ) ಡಬ್ಬಿಯಲ್ಲಿ ಮೊಳೆ ಅಲ್ಲಾಡಿಸಿದಂತೆ ಕರಕರ ಅನ್ನುತ್ತದೆ, ಒತ್ತಡ ಬಂದ ಕೂಡಲೇ ಸುಮ್ಮನಾಗುತ್ತದೆ. ಎಂಜಿನ್ ಬಿಸಿಯಿದ್ದರೆ ಇದು ಕೇಳಿಸುವುದೇ ಇಲ್ಲ. ಬಿಎಂಡಬ್ಲ್ಯುವಿನ ಎನ್47, ಎನ್57 ಎಂಬ ಡೀಸೆಲ್ ಎಂಜಿನ್‌ಗಳಲ್ಲೂ ಆಡಿಯ 3.0 ಟಿಡಿಐ ಡೀಸೆಲ್‌ನಲ್ಲೂ ಚೈನ್ ಇರುವುದು ಎಂಜಿನ್ನಿನ ಹಿಂಭಾಗದಲ್ಲಿ, ಗೇರ್‌ಬಾಕ್ಸಿನ ಕಡೆಗೆ. ಚೈನಿನ ಬೆಲೆ ದೊಡ್ಡದಲ್ಲ. ಅದನ್ನು ಮುಟ್ಟಲು ಎಂಜಿನ್ನನ್ನೋ ಗೇರ್‌ಬಾಕ್ಸನ್ನೋ ಇಳಿಸಬೇಕಾದ ಕೂಲಿ ದೊಡ್ಡದು.

ವಿ8 (ವಿ ಆಕಾರದಲ್ಲಿ ಎಂಟು ಸಿಲಿಂಡರಿನ ಎಂಜಿನ್) ಮೇಲೆ ಮನಸ್ಸಿದ್ದರೆ ಇನ್ನೊಂದು ಪರೀಕ್ಷೆ. ಎಂಜಿನ್ ಬಿಸಿಯಾದ ಮೇಲೆ ಹತ್ತು ನಿಮಿಷ ಐಡಲ್‌ನಲ್ಲಿ ಬಿಡಿ, ನಂತರ ಆಕ್ಸಲರೇಟರ್ ಒಮ್ಮೆ ಚೆನ್ನಾಗಿ ಒತ್ತಿ, ಒಬ್ಬರು ಹಿಂದೆ ನಿಂತು ಸೈಲೆನ್ಸರ್ ನೋಡಲಿ. ನೀಲಿ ಹೊಗೆಯ ಮೋಡ ಬಂದರೆ ವಾಲ್ವಿನ ಕಡ್ಡಿಯ ಸುತ್ತ ಆಯಿಲ್ ತಡೆಯುವ ಸ್ಟೆಮ್ ಸೀಲುಗಳು ಗಟ್ಟಿಯಾಗಿ ಆಯಿಲ್ ಸಿಲಿಂಡರಿನೊಳಗೆ ಇಳಿಯುತ್ತಿದೆ. ಬಿಎಂಡಬ್ಲ್ಯುವಿನ ಮೊದಲ ಎನ್63 ಎಂಜಿನ್ ಇದಕ್ಕೆ ಹೆಸರಾಗಿದೆ. ಎರಡೂ ಟರ್ಬೊಗಳನ್ನು ವಿ ಆಕಾರದ ನಡುವಿನ ಕಣಿವೆಯಲ್ಲಿ ಕೂರಿಸಿದ್ದರಿಂದ ಆ ಶಾಖಕ್ಕೆ ಸುತ್ತಲಿನ ರಬ್ಬರು, ಪ್ಲಾಸ್ಟಿಕ್ ಎಲ್ಲ ಬೇಗ ಬೆಂದು ಹೋಗುತ್ತವೆ. 2014ರಲ್ಲಿ ಬಿಎಂಡಬ್ಲ್ಯುವೇ ಅಮೆರಿಕದಲ್ಲಿ ಈ ಎಂಜಿನ್ನಿನ ಗಾಡಿಗಳಿಗೆಂದು ಪ್ರತ್ಯೇಕ ತಪಾಸಣೆಯ ಯೋಜನೆ ತರಬೇಕಾಯಿತು. ದಿನದ ಓಡಾಟಕ್ಕೆ ಆ ಮೊದಲ ಎನ್63 ಬೇಡವೇ ಬೇಡ.

ಮರ್ಸಿಡಿಸ್‌ನ ಓಎಂ642 ವಿ6 ಡೀಸೆಲ್ ಗಟ್ಟಿ ಎಂಜಿನ್, ನನಗೆ ಇಷ್ಟದ್ದೇ. ಆದರೆ ಅದರ ಆಯಿಲ್ ಕೂಲರ್ ಎರಡು ಸಾಲು ಸಿಲಿಂಡರುಗಳ ನಡುವಿನ ತಗ್ಗಿನಲ್ಲಿ ಕೂತಿದೆ, ಅದರ ಸೀಲುಗಳು ಕಾಲಕ್ರಮೇಣ ಸೋರುತ್ತವೆ. ಸೋರಿದ ಆಯಿಲ್ ಹಿಂದಕ್ಕೆ ಹರಿದು ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಕಡೆ ತೊಟ್ಟಿಕ್ಕುವುದರಿಂದ ಎಷ್ಟೋ ಮೆಕ್ಯಾನಿಕ್‌ಗಳು ಹಿಂದಿನ ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಸೀಲ್ ಹೋಗಿದೆ ಎಂದು ಗೇರ್‌ಬಾಕ್ಸ್ ಇಳಿಸಿಬಿಡುತ್ತಾರೆ. ಸೀಲಿಗೆ ಚಿಲ್ಲರೆ ದುಡ್ಡು, ಆದರೆ ಟರ್ಬೊ, ಗಾಳಿ ಒಳಗೆಳೆಯುವ ಇನ್‌ಟೇಕ್ ಮ್ಯಾನಿಫೋಲ್ಡ್ ಎಲ್ಲ ಬಿಚ್ಚಬೇಕು. ಕಿತ್ತಳೆ ಬಣ್ಣದ ಹಳೆಯ ಸೀಲಿನ ಬದಲು ಶಾಖ ತಡೆಯುವ ವಿಟಾನ್ ರಬ್ಬರಿನ ನೇರಳೆ ಬಣ್ಣದ ಸೀಲ್ ಹಾಕಿಸಿದ್ದಾರೆಯೇ ಎಂದು ಬಿಲ್ಲಿನಲ್ಲಿ ನೋಡಿ.

ಲ್ಯಾಂಡ್ ರೋವರ್‌ನ 3.0 ವಿ6 ಡೀಸೆಲ್‌ನಲ್ಲಿ ಕ್ರ್ಯಾಂಕ್‌ಶಾಫ್ಟ್ ಬೇರಿಂಗ್ ಹೋಗಿ ಇಡೀ ಎಂಜಿನ್ನೇ ಕೈಕೊಡುವ ಕಾಯಿಲೆ ಇದೆ. ಅದಕ್ಕೆ ಮುಂದೊಂದು ಟೈಮಿಂಗ್ ಬೆಲ್ಟ್ ಇದ್ದರೆ ಡೀಸೆಲ್ ಪಂಪಿಗೆಂದು ಹಿಂದೆ ಇನ್ನೊಂದು ಚಿಕ್ಕ ಬೆಲ್ಟ್ ಇದೆ, ಮುಂದಿನದನ್ನು ಹಾಕಿದವರು ಹಿಂದಿನದನ್ನು ಮರೆಯುವುದು ಮಾಮೂಲಿ. ಅವರದೇ 5.0 ವಿ8ನ ಆರಂಭದ ವರ್ಷಗಳಲ್ಲಿ ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಸವೆತ, 3.0 ಸೂಪರ್‌ಚಾರ್ಜ್ಡ್ ಪೆಟ್ರೋಲಿನಲ್ಲಿ ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಹರಿಯುವ, ಸೀಳು ಬಿಡುವ ಪ್ಲಾಸ್ಟಿಕ್ ಪೈಪು. ಕೇಯೆನ್‌ನ ಮೊದಲ ವಿ8ಗಳಲ್ಲೂ ಇನ್‌ಟೇಕಿನ ಕೆಳಗೆ ಅಂಥದೇ ಪ್ಲಾಸ್ಟಿಕ್ ಪೈಪುಗಳಿದ್ದವು, ಅಲ್ಯೂಮಿನಿಯಮ್ ಪೈಪು ಹಾಕಿಸಿದ ಗಾಡಿಯನ್ನಷ್ಟೇ ನೋಡಿ. ಯಾವ ಗಾಡಿಯೇ ಇರಲಿ, ಎಂಜಿನ್ ಸುತ್ತ ಒಣಗಿದ ಬಿಳಿ ಅಥವಾ ಗುಲಾಬಿ ಪುಡಿಯ ಕಲೆ, ಸಿಹಿ ವಾಸನೆ ಇದ್ದರೆ ಕೂಲಂಟ್ ಎಲ್ಲೋ ಸೋರುತ್ತಿದೆ.

ಗೇರ್‌ಬಾಕ್ಸ್ ಆಯಿಲ್ ಜೀವಮಾನಕ್ಕೂ ಬದಲಿಸಬೇಕಿಲ್ಲ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಈ ಗಾಡಿಗಳಲ್ಲಿ ಹಲವಕ್ಕೆ ಗೇರ್‌ಬಾಕ್ಸ್ ಮಾಡಿಕೊಡುವ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರಿನೊಳಗೆ ಬದಲಿಸಿ ಎನ್ನುತ್ತದೆ. ಅವರ ಎಂಟು ಗೇರಿನ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಫಿಲ್ಟರು ಕೆಳಗಿನ ಪ್ಲಾಸ್ಟಿಕ್ ತಟ್ಟೆಯೊಳಗೇ ಸೇರಿಕೊಂಡಿರುತ್ತದೆ, ಹಾಗಾಗಿ ತಟ್ಟೆಯನ್ನೇ ಬದಲಿಸಬೇಕು. ಆಯಿಲಿನ ಕೊನೆಯ ಮಟ್ಟವನ್ನು ಎಂಜಿನ್ ಚಾಲೂ ಇಟ್ಟು, ಕಂಪನಿ ಹೇಳಿದ ತಾಪಮಾನದಲ್ಲಿ ನೋಡಬೇಕು, ಅಂದಾಜಿಗೆ ಸುರಿದರೆ ಹೊಸ ತೊಂದರೆ. ಟೆಸ್ಟ್ ಡ್ರೈವಿನಲ್ಲಿ 40 ರಿಂದ 80ರ ವೇಗದ ನಡುವೆ ಕಾಲು ಹಗುರವಾಗಿಟ್ಟು ಓಡಿಸಿ. ಬದಿಯ ಉಬ್ಬುಪಟ್ಟಿಯ ಮೇಲೆ ಚಕ್ರ ಹೋದಂಥ ಸಣ್ಣ ನಡುಕ ಬಂದರೆ ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನ ಕ್ಲಚ್ಚನ್ನು ಅನುಮಾನಿಸಿ.

ಟೈರು ನೋಡಿದರೆ ಹಿಂದಿನ ಮಾಲೀಕರ ಗುಣ ಗೊತ್ತಾಗುತ್ತದೆ. ನಾಲ್ಕೂ ಒಂದೇ ಕಂಪನಿಯ, ಒಂದೇ ಮಾದರಿಯವಾಗಿರಬೇಕು. ಬೇರೆ ಬೇರೆ ಇದ್ದರೆ, ಇಲ್ಲವೇ ಮುಂದಿನದಕ್ಕೂ ಹಿಂದಿನದಕ್ಕೂ ಮೂರ್ನಾಲ್ಕು ಮಿಲಿಮೀಟರ್ ಸವೆತದ ವ್ಯತ್ಯಾಸವಿದ್ದರೆ ಸುತ್ತಳತೆ ಬೇರೆಯಾಗಿ ನಾಲ್ಕು ಚಕ್ರಕ್ಕೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ಕ್ಲಚ್ ಸದಾ ಜಾರುತ್ತ ಸುಡುತ್ತದೆ. ಎಕ್ಸ್5, ಎಕ್ಸ್3ಗಳಲ್ಲಿ ಇದು ಬಹಳ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಎಂಟರ ಆಕಾರದಲ್ಲಿ ಓಡಿಸಿ ನೋಡಿ, ಗಾಡಿ ಎಳೆದಾಡಿದಂತೆ, ಕುಪ್ಪಳಿಸಿದಂತೆ ಆದರೆ ಆ ಭಾಗಕ್ಕೆ ದುಡ್ಡು ತೆಗೆದಿಡಬೇಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ತಾರೀಖು ಇರುತ್ತದೆ. 2319 ಅಂದರೆ 2019ರ 23ನೇ ವಾರ. 21, 22 ಇಂಚಿನ ಚಕ್ರ ನೋಡಲು ಚಂದ, ಆದರೆ ಎರಡೂಕಾಲು ಟನ್ ತೂಕದ ಗಾಡಿ ಒಂದು ಗುಂಡಿಗೆ ಬಿದ್ದರೆ ರಿಮ್ ಬಾಗುತ್ತದೆ, ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗಳೂ ಬೇಗ ಹೋಗುತ್ತವೆ.

ನೀರಿನ ಬಗ್ಗೆ ಯಾರೂ ಕೇಳುವುದಿಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ದೊಡ್ಡ ಗಾಜಿನ ಸನ್‌ರೂಫ್ ನೀರನ್ನು ಪೂರ್ತಿ ತಡೆಯುವುದಿಲ್ಲ, ಹಾಗೆ ಮಾಡಿಯೂ ಇಲ್ಲ. ಒಳಗಿಳಿದ ನೀರು ಒಂದು ಕಾಲುವೆಗೆ ಬಿದ್ದು ಮೂಲೆಗಳ ಸಣ್ಣ ಪೈಪುಗಳಲ್ಲಿ ಗಾಡಿಯ ಕೆಳಗೆ ಹೋಗಬೇಕು. ಆ ಪೈಪು ಎಲೆ, ಧೂಳು ಕಟ್ಟಿಕೊಂಡರೆ ನೀರು ಒಳಗೆ ಕಾರ್ಪೆಟ್ಟಿನ ಕೆಳಕ್ಕೆ ಇಳಿಯುತ್ತದೆ. ಈ ಗಾಡಿಗಳ ಕಾರ್ಪೆಟ್ಟಿನಡಿ ದಪ್ಪ ಸ್ಪಂಜು, ಅದರ ಹತ್ತಿರವೇ ವೈರಿಂಗ್ ಜೋಡಣೆ, ಕಂಟ್ರೋಲ್ ಯೂನಿಟ್ಟು. ಕಾರ್ಪೆಟ್ ಮೇಲೆ ಒಣಗಿದಂತೆ ಕಂಡರೂ ಸ್ಪಂಜು ತಿಂಗಳುಗಟ್ಟಲೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಒಂದು ದಿನ ಸೀಟು ಅಲುಗುವುದಿಲ್ಲ, ಇನ್ನೊಂದು ದಿನ ಡಿಕ್ಕಿ ತೆರೆಯುವುದಿಲ್ಲ, ಯಾವ ಮೆಕ್ಯಾನಿಕ್‌ಗೂ ಮೂಲ ಸಿಗುವುದಿಲ್ಲ. ಸನ್‌ರೂಫ್ ತೆರೆದು ಮುಂದಿನ ಮೂಲೆಗೆ ಅರ್ಧ ಲೋಟ ನೀರು ನಿಧಾನವಾಗಿ ಸುರಿಯಿರಿ. ಗಾಡಿಯ ಕೆಳಗೆ ಅದೇ ಬದಿಯಲ್ಲಿ ಕೂಡಲೇ ನೀರು ಬೀಳಬೇಕು. ಬಳಿಕ ಮುಂದಿನ ಸೀಟಿನ ಮುಂದೆ ಕಾಲಿಡುವ ಜಾಗದಲ್ಲಿ ಮುಷ್ಟಿಯಿಂದ ಬಲವಾಗಿ ಒತ್ತಿ, ಡಿಕ್ಕಿಯಲ್ಲಿ ಸ್ಟೆಪ್ನಿಯ ಗುಳಿಯನ್ನೂ ಎತ್ತಿ ನೋಡಿ. ಮುಗ್ಗಲು ವಾಸನೆಯನ್ನು ಸುಗಂಧದ ಬಾಟಲಿಯಿಂದ ಮುಚ್ಚಿದ್ದರೆ ಅದೂ ಒಂದು ಉತ್ತರ.

ಸ್ಕ್ಯಾನ್ ಮಾಡಿಸಿಯೇ ಮಾತು ಮುಂದುವರಿಸಿ. ಗಾಡಿಯ ಕಂಪ್ಯೂಟರನ್ನು ಓದುವ ಅಗ್ಗದ ಓಬಿಡಿ ಉಪಕರಣ ಬಹುತೇಕ ಎಂಜಿನ್ನನ್ನು ಮಾತ್ರ ಓದುತ್ತದೆ. ಏರ್ ಸಸ್ಪೆನ್ಷನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಓದಲು ಆಯಾ ಕಂಪನಿಯ ಗಾಡಿಗೆಂದೇ ಮಾಡಿದ ಸಾಫ್ಟ್‌ವೇರ್ ಬೇಕು: ಬಿಎಂಡಬ್ಲ್ಯುಗೆ ಇಸ್ಟಾ, ಮರ್ಸಿಡಿಸ್‌ಗೆ ಕ್ಸೆಂಟ್ರಿ, ಆಡಿಗೆ ವಿಸಿಡಿಎಸ್. ಆದರೂ ಅಗ್ಗದ ಉಪಕರಣವೊಂದು ಜೇಬಿನಲ್ಲಿರಲಿ, ಏಕೆಂದರೆ ದೋಷದ ಕೋಡ್ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಎಂಬುದನ್ನು ಅದು ತೋರಿಸುತ್ತದೆ. ನೀವು ನೋಡಲು ಬರುವ ಮುನ್ನ 12 ಕಿಲೋಮೀಟರ್ ಹಿಂದೆ ಅಳಿಸಿದ್ದರೆ, ಏಕೆ ಅಳಿಸಿದಿರಿ ಎಂದು ಕೇಳಲೇಬೇಕು.

ಡೀಸೆಲ್ಲೋ ಪೆಟ್ರೋಲೋ ಎನ್ನುವುದನ್ನು ನಿಮ್ಮ ದಾರಿ ತೀರ್ಮಾನಿಸುತ್ತದೆ. ದಿನಾ ನಾಲ್ಕೈದು ಕಿಲೋಮೀಟರ್ ಓಡಾಟ ಅಷ್ಟೇ ಆದರೆ ಡೀಸೆಲ್ ಬೇಡ. ಡಿಪಿಎಫ್‌ನಲ್ಲಿ, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರಿನಲ್ಲಿ, ಕಟ್ಟಿದ ಮಸಿ ಸುಡಲು ಒಂದೇ ವೇಗದಲ್ಲಿ ಇಪ್ಪತ್ತು ನಿಮಿಷದಷ್ಟು ಓಟ ಬೇಕು. ಸುಡುವುದು ಅರ್ಧಕ್ಕೆ ನಿಂತಾಗಲೆಲ್ಲ ಅದಕ್ಕೆಂದು ಚಿಮ್ಮಿಸಿದ ಹೆಚ್ಚುವರಿ ಡೀಸೆಲ್, ಎಂಜಿನ್ನಿನ ಆಯಿಲಿಗೆ ಸೇರಿ ಆಯಿಲ್ ತೆಳ್ಳಗಾಗುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಮೇಲಿನ ಗೆರೆ ದಾಟಿದ್ದರೆ ಇದೇ ಕಾರಣವಿರಬಹುದು. ಇದೇ ಕಾರಣಕ್ಕೆ ಹತ್ತು ವರ್ಷಕ್ಕೆ 40,000 ಓಡಿದ ಗಾಡಿಗಿಂತ ಹೆದ್ದಾರಿಯಲ್ಲಿ 1,20,000 ಓಡಿ, ಪ್ರತಿ 10,000ಕ್ಕೆ ಆಯಿಲ್ ಬದಲಿಸಿದ ಗಾಡಿಯನ್ನೇ ನಾನು ಆರಿಸುವುದು.

ಹಾಗಾದರೆ ಯಾವುದು? ನೆಮ್ಮದಿಯೇ ಮುಖ್ಯವಾದರೆ ಲೆಕ್ಸಸ್ ಆರ್‌ಎಕ್ಸ್ 350, ಕಾಯಿಲ್ ಸ್ಪ್ರಿಂಗಿನದು. ಅದರ ವಿ6ನ ಆರಂಭದ ವರ್ಷಗಳಲ್ಲಿ ವಿವಿಟಿಗೆ (ವಾಲ್ವ್ ತೆರೆಯುವ ಹೊತ್ತನ್ನು ಬದಲಿಸುವ ವ್ಯವಸ್ಥೆ) ಆಯಿಲ್ ಒಯ್ಯುವ ಪೈಪಿನ ನಡುಭಾಗ ರಬ್ಬರಿನದಿತ್ತು, ಒಡೆದರೆ ಆಯಿಲೆಲ್ಲ ಖಾಲಿ. ಲೋಹದ ಪೈಪು ಹಾಕಿರಬೇಕು. ಹೈಬ್ರಿಡ್ ಆರ್‌ಎಕ್ಸ್ ಆದರೆ ಹಿಂದಿನ ಸೀಟಿನ ಕೆಳಗಿನ ಬ್ಯಾಟರಿಯ ಗಾಳಿಕಿಂಡಿ ಧೂಳು ಕಟ್ಟದಂತೆ ಇಟ್ಟಿದ್ದಾರೆಯೇ ನೋಡಿ. ಓಡಿಸುವ ಸುಖವೂ ಬೇಕೆಂದರೆ 2018ರ ನಂತರದ ಎಕ್ಸ್5, ಬಿ58 ಪೆಟ್ರೋಲ್ ಅಥವಾ ಬಿ57 ಡೀಸೆಲ್ ಎಂಜಿನ್ನಿನದು, ಗಾಳಿ ಚೀಲ ಇಲ್ಲದ್ದು. ರೇಂಜ್ ರೋವರ್ ಮೇಲಿನ ಪ್ರೀತಿ ನನಗೂ ಅರ್ಥವಾಗುತ್ತದೆ, ಅಷ್ಟು ಮೆತ್ತಗಿನ ಸವಾರಿ ಬೇರೆ ಕಡೆ ಸಿಗುವುದು ಕಷ್ಟ. ಮನೆಯಲ್ಲಿ ಇನ್ನೊಂದು ಗಾಡಿ ಇದ್ದವರು ಮಾತ್ರ ತೆಗೆದುಕೊಳ್ಳಲಿ.

ಗಾಡಿ ಮನೆಗೆ ಬಂದ ಮೊದಲ ತಿಂಗಳಲ್ಲೇ ಹಿಂದಿನವರು ಏನು ಹೇಳಿದ್ದರೂ ಎಂಜಿನ್ ಆಯಿಲ್, ಗೇರ್‌ಬಾಕ್ಸ್ ಆಯಿಲ್, ಟ್ರಾನ್ಸ್‌ಫರ್ ಕೇಸ್ ಮತ್ತು ಎಡ ಬಲ ಚಕ್ರಗಳಿಗೆ ಬಲ ಹಂಚುವ ಎರಡೂ ಡಿಫರೆನ್ಷಿಯಲ್‌ಗಳ ಆಯಿಲ್, ಕೂಲಂಟ್, ಬ್ರೇಕ್ ಆಯಿಲ್ ಬದಲಿಸಿ. ಕೊಂಡ ಬೆಲೆಯ ಆರನೇ ಒಂದು ಪಾಲನ್ನು ಮೊದಲ ವರ್ಷಕ್ಕೆಂದು ಪಕ್ಕಕ್ಕಿಡಿ. ಬ್ಯಾಟರಿ ಐದು ವರ್ಷ ದಾಟಿದ್ದರೆ ಅದನ್ನೂ ಬದಲಿಸಿ, ಎಜಿಎಂ (ಗಾಜಿನ ನಾರಿನ ಹಾಸಿನಲ್ಲಿ ಆಸಿಡ್ ಹಿಡಿದಿಡುವ ಬ್ಯಾಟರಿ) ಇದ್ದಲ್ಲಿ ಎಜಿಎಂ ಬ್ಯಾಟರಿಯನ್ನೇ ಹಾಕಿಸಿ. ಬಿಎಂಡಬ್ಲ್ಯು, ಆಡಿಗಳಲ್ಲಿ ಹೊಸ ಬ್ಯಾಟರಿಯನ್ನು ಗಾಡಿಯ ಕಂಪ್ಯೂಟರಿಗೆ ನೋಂದಾಯಿಸಬೇಕು, ಇಲ್ಲದಿದ್ದರೆ ಹಳೆಯ ಬ್ಯಾಟರಿಯ ಲೆಕ್ಕದಲ್ಲೇ ಚಾರ್ಜ್ ಮಾಡಿ ಹೊಸದನ್ನೂ ಬೇಗ ಹಾಳುಮಾಡುತ್ತದೆ. ವೋಲ್ಟೇಜ್ ಕುಸಿದಾಗ ಡ್ಯಾಶ್‌ಬೋರ್ಡಿನಲ್ಲಿ ಸಸ್ಪೆನ್ಷನ್, ಬ್ರೇಕ್, ಸ್ಟೀರಿಂಗ್ ದೀಪಗಳು ಒಟ್ಟಿಗೇ ಹೊತ್ತಿಕೊಳ್ಳುತ್ತವೆ. ಆಗ ಗಾಬರಿಯಾಗಿ ಭಾಗಗಳನ್ನು ಬದಲಿಸುವ ಮೊದಲು ಮಲ್ಟಿಮೀಟರ್ ಹಿಡಿಯಿರಿ: ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ 12.5 ವೋಲ್ಟಿನ ಆಸುಪಾಸು ಇರಬೇಕು, 12.2ಕ್ಕಿಂತ ಕೆಳಗಿದ್ದರೆ ಮೊದಲು ಬ್ಯಾಟರಿಯನ್ನೇ ನೋಡಿಸಿ.