ಗೋಧಿಗೆ ಅಭ್ಯಂಜನ

ಶಿವರಾತ್ರಿ ಕಳೆದ ಮೇಲಿನ ಒಂದು ಭಾನುವಾರ. ಉಪ್ಪಿಟ್ಟಿಗೆಂದು ಹೆಂಡತಿ ರವೆ ಡಬ್ಬಿ ತೆಗೆದಳು. ತೆಗೆದವಳು ಹಾಗೇ ನಿಂತಳು. "ರೀ, ಸ್ವಲ್ಪ ಬನ್ನಿ ಇಲ್ಲಿ." ಮದುವೆಯಾಗಿ ಹದಿನೆಂಟು ವರ್ಷ ಆದವನಿಗೆ ಆ "ಸ್ವಲ್ಪ"ದ ತೂಕ ಗೊತ್ತು. ಹೋದೆ.

ರವೆ ಅಲ್ಲಲ್ಲಿ ಉಂಡೆ ಕಟ್ಟಿತ್ತು. ಸಕ್ಕರೆ ಇಲ್ಲ, ತುಪ್ಪ ಇಲ್ಲ, ಪಾಕದ ತಲೆನೋವಿಲ್ಲ, ತಾನಾಗೇ ರವೆ ಉಂಡೆ. ಒಂದನ್ನು ಚಮಚದಲ್ಲಿ ಎತ್ತಿದೆ. ಅದರ ಹಿಂದೆಯೇ ಇನ್ನೆರಡು ಉಂಡೆ ಸಣ್ಣ ನೂಲಿನಲ್ಲಿ ನೇತಾಡುತ್ತಾ ಮೇಲೆ ಬಂದವು. ನೂಲಿನ ತುದಿಯಲ್ಲಿ ಕೆನೆ ಬಣ್ಣದ ಒಂದು ಮರಿಹುಳ. ರಜಾ ದಿನ ಬೇಗ ಎಬ್ಬಿಸಿದರೆ ನಮ್ಮ ಮಗ ತಲೆ ಆಡಿಸುತ್ತಾನಲ್ಲ, ಥೇಟ್ ಹಾಗೇ ತಲೆ ಆಡಿಸಿತು.

"ಎಷ್ಟು ತಂದಿದ್ರಿ?"

"ಎರಡು ತಗೊಂಡ್ರೆ ಒಂದು ಫ್ರೀ ಇತ್ತು."

"ಫ್ರೀ ಅಂದ್ರೆ ಇವರೂ ಸೇರಿನಾ?"

ದಿನಸಿ ತರೋದು ನನ್ನ ಖಾತೆ. ಮೂರು ಜನರ ಮನೆಗೆ ನಾನು ಛತ್ರದ ಲೆಕ್ಕದಲ್ಲಿ ತರುತ್ತೇನೆ ಅನ್ನೋದು ಹಳೇ ದೂರು. ಹಾಗಾಗಿ ಉಳಿದ ಡಬ್ಬಿಗಳ ತಪಾಸಣೆಯೂ ನನ್ನ ತಲೆಗೇ ಬಂತು. ಅಕ್ಕಿಯಲ್ಲಿ ಸೊಂಡಿಲಿರುವ ಕಪ್ಪು ಹುಳ. ಗೋಧಿ ಹಿಟ್ಟಿನಲ್ಲಿ ಎಳ್ಳಿನಷ್ಟು ಉದ್ದದ ಕಂದು ಕೆಂಪು ಹುಳ. ಹೆಸರುಕಾಳಿನ ಮೈಮೇಲೆ ಸುಣ್ಣದ ಚುಕ್ಕಿಯಂತೆ ಅಂಟಿದ ಬಿಳಿ ಮೊಟ್ಟೆ, ಕೆಲವು ಕಾಳಿಗೆ ಸೂಜಿಯಲ್ಲಿ ಕೊರೆದಂತೆ ದುಂಡನೆ ತೂತು. ಒಬ್ಬರ ಡಬ್ಬಿಗೆ ಇನ್ನೊಬ್ಬರು ಕಾಲಿಟ್ಟಿರಲಿಲ್ಲ. ಅಣ್ಣ ತಮ್ಮಂದಿರು ಪಾಲು ಮಾಡಿಕೊಂಡರೂ ಇಷ್ಟು ನೀಟಾಗಿ ಆಗೋದಿಲ್ಲ.

ಸಿಟ್ಟಿಗೆ ಅವತ್ತು ರಾತ್ರಿಯೆಲ್ಲ ಇವುಗಳ ಬಗ್ಗೆ ಓದಿದೆ. ಓದಿ ಇನ್ನೂ ಸಿಟ್ಟು ಬಂತು. ಹಿಟ್ಟಿನ ಆ ಕೆಂಪು ಹುಳದ ಪೂರ್ತಿ ಜೀನೋಮನ್ನು, ಅಂದರೆ ಅದರ ವಂಶವಾಹಿ ಬರಹವನ್ನೆಲ್ಲ, ವಿಜ್ಞಾನಿಗಳು 2008ರಲ್ಲೇ ಓದಿ ಮುಗಿಸಿದ್ದಾರಂತೆ. ನನ್ನ ಬ್ಲಡ್ ಗ್ರೂಪೇ ನನಗೆ ನೆನಪಿರೋದಿಲ್ಲ. ಅಕ್ಕಿ ಹುಳ ಕಾಳಿಗೆ ತೂತು ಕೊರೆದು, ಒಳಗೆ ಮೊಟ್ಟೆಯಿಟ್ಟು, ಮೇಲೆ ಅಂಟಿನಿಂದ ಬಿರಡೆ ಹಾಕಿ ಹೋಗುತ್ತದೆ. ಮರಿ ಒಳಗೇ ತಿಂದು ಬೆಳೆದು, ತಿಂಗಳು ಕಳೆದ ಮೇಲೆ ಗೋಡೆ ಒಡೆದು ಬರುತ್ತದೆ. ಅಂದರೆ ಅಂಗಡಿಯಲ್ಲಿ ನಾವು ಬೆರಳಾಡಿಸಿ "ಒಳ್ಳೆ ಅಕ್ಕಿ" ಅನ್ನುವಾಗಲೇ ಬಾಡಿಗೆದಾರರು ಒಳಗಿರಬಹುದು. ಇನ್ನು ರವೆಯಲ್ಲಿ ನೂಲು ನೇಯುತ್ತಿತ್ತಲ್ಲ, ಅದು ಅಕ್ಕಿ ಪತಂಗದ ಮರಿ. ಅದನ್ನು ಕೃಷಿ ಪ್ರಯೋಗಾಲಯಗಳಲ್ಲಿ ನುಚ್ಚು ಹಾಕಿ ಬೇಕಂತಲೇ ಸಾಕುತ್ತಾರೆ! ಅದರ ಮೊಟ್ಟೆಯೊಳಗೆ ಇನ್ನೊಂದು ಪುಟಾಣಿ ಕಣಜದ ಹುಳವನ್ನು ಬೆಳೆಸಿ, ಕಬ್ಬಿನ ಗದ್ದೆಗೆ ಬಿಟ್ಟರೆ ಅದು ಕಬ್ಬು ಕೊರೆಯುವ ಹುಳದ ಮೊಟ್ಟೆಗಳನ್ನು ಮುಗಿಸುತ್ತದಂತೆ. ಪತಂಗದ ಮೊಟ್ಟೆಗಳನ್ನು ಅಳೆಯೋದು ಸಿಸಿ ಲೆಕ್ಕದಲ್ಲಿ. "ನಮ್ಮಲ್ಲಿ ಮೂರು ಕೆಜಿ ಸ್ಟಾಕ್ ಇದೆ, ಕೇಳಿ ನೋಡ್ಲಾ?" ಅಂದೆ. ಹೆಂಡತಿ ಮಗ್ಗುಲು ಬದಲಿಸಿದಳು.

ಹುಳದ ವಿಷಯ ಬಾಯಿಬಿಟ್ಟರೆ ಊರೆಲ್ಲ ವೈದ್ಯರೇ. ಅತ್ತೆ ಲವಂಗ ಅಂದರು. ನಾದಿನಿ ಪಲಾವ್ ಎಲೆ ಅಂದಳು. ಆಫೀಸಿನವರು ಒಣಮೆಣಸಿನಕಾಯಿ, ಬೇವಿನ ಸೊಪ್ಪು ಅಂದರು. ಎಲ್ಲವನ್ನೂ ಹಾಕಿದೆ. ಹಿಟ್ಟಿನ ಡಬ್ಬಿ ತೆರೆದರೆ ಬಿರಿಯಾನಿ ಘಮ. ನಾಲ್ಕನೇ ದಿನ ನೋಡಿದರೆ ಒಂದು ಕೆಂಪು ಹುಳ ಲವಂಗದ ಮೊಗ್ಗಿನ ಮೇಲೆ ಹತ್ತಿ ಕೂತು ಸುತ್ತಲಿನ ಊರು ನೋಡುತ್ತಿತ್ತು.

ಕೊನೆಗೆ ಹಾಸನದ ಕಡೆ ಹಳ್ಳಿಯಲ್ಲಿರುವ ಅಮ್ಮನಿಗೆ ಫೋನ್ ಮಾಡಿದೆ. "ರಾಗಿ ತಿನ್ರೋ ಅಂದ್ರೆ ಕೇಳಲ್ಲ. ನೆಲದೊಳಗಿನ ಹಗೇವಲ್ಲಿ ವರ್ಷಗಟ್ಲೆ ಇಟ್ರೂ ಏನಾಗ್ತಿತ್ತು ರಾಗಿಗೆ?" ಅಂತ ಶುರು ಮಾಡಿದಳು. ಅದು ನಿಜ. ಸೊಂಡಿಲಿನ ಹುಳ ಒಳಗೆ ಸಂಸಾರ ಹೂಡೋಕೆ ರಾಗಿ ಕಾಳಿನಲ್ಲಿ ಜಾಗವೇ ಇಲ್ಲ. ಆದರೆ ಹೊಸದಾಗಿ ತಂದ ಹತ್ತು ಕೆಜಿ ಗೋಧಿಗೆ ಏನು ಮಾಡೋದು? "ಹರಳೆಣ್ಣೆ ಒಂಚೂರು ಸವರಿಡಪ್ಪ" ಅಂದಳು.

ಅಮ್ಮನ "ಒಂಚೂರು" ಯಾವ ಅಳತೆಗೂ ಸಿಗೋದಿಲ್ಲ. ಕೆಜಿಗೆ ಒಂದು ಟೀ ಚಮಚ ಸಾಕು ಅಂತ ಆಮೇಲೆ ಗೊತ್ತಾಯಿತು. ನಾನು ಹುಳದ ಮೇಲಿನ ಸಿಟ್ಟಿಗೆ ಅರ್ಧ ಲೀಟರ್ ಬಾಟಲಿಯನ್ನು ಪೂರ್ತಿ ಬಗ್ಗಿಸಿದೆ. ಎರಡೂ ಕೈಯಲ್ಲಿ ತಿಕ್ಕಿದೆ. ಗೋಧಿ ಹೊಳೆಯಿತು. ಮುಷ್ಟಿಯಲ್ಲಿ ಹಿಡಿದರೆ ಪುಳಕ್ ಅಂತ ಜಾರಿ ಹೋಗುತ್ತಿತ್ತು. ಹುಳ ಬರಲಿಲ್ಲ, ಒಪ್ಪಿಕೊಳ್ಳಲೇಬೇಕು. ಬಂದರೂ ಜಾರಿ ಸೊಂಟ ಮುರಿದುಕೊಳ್ಳುತ್ತಿತ್ತು.

ಹದಿನೈದು ದಿನ ಬಿಟ್ಟು ಅದನ್ನು ಹಿಟ್ಟಿನ ಮಿಲ್ಲಿಗೆ ಹೊತ್ತುಕೊಂಡು ಹೋದೆ. ಮಿಲ್ಲಿನವರು ನೋಡದೆ ಸುರಿದರು. ಸ್ವಲ್ಪ ಹೊತ್ತು ಗರಗರ. ಆಮೇಲೆ ಗೊರಗೊರ. ಆಮೇಲೆ ಗಂಟಲಿಗೆ ಮುದ್ದೆ ಸಿಕ್ಕಿದವರ ಸದ್ದು. ಹಿಟ್ಟು ಬೀಳಬೇಕಾದ ಬಟ್ಟೆಯ ಬಾಯಲ್ಲಿ ಏನೋ ಕಣಕದಂಥದ್ದು ಇಣುಕಿ ನಿಂತಿತು. ಅವರು ಮೆಷಿನ್ ಆಫ್ ಮಾಡಿ, ಒಂದು ಹಿಡಿ ಗೋಧಿ ತೆಗೆದುಕೊಂಡು, ಮೂಸಿ, ನನ್ನನ್ನು ನೋಡಿದರು. "ಸಾರ್, ಎಣ್ಣೆ ಸ್ನಾನ ಮಾಡಿಸಿದ್ದೀರ, ಸರಿ. ಸೀಗೆಪುಡಿ ಹಾಕಿ ತಲೆ ತೊಳೆಯೋದು ಮರೆತ್ರಾ?" ಸಾಲಿನಲ್ಲಿ ನಿಂತಿದ್ದ ಆರು ಜನವೂ ನಕ್ಕರು. ಕಲ್ಲು ಬಿಚ್ಚಿ ಒರೆಸಿದ್ದಕ್ಕೆ ಇನ್ನೂರು ರೂಪಾಯಿ ಬೇರೆ ಕೊಟ್ಟು ಬಂದೆ. ಬೀಸಿದಷ್ಟು ಹಿಟ್ಟಿನಲ್ಲಿ ಚಪಾತಿ ಮೆತ್ತಗೇ ಆಯಿತು. ಆದರೆ ಹರಳೆಣ್ಣೆ ಎಷ್ಟಾದರೂ ಹರಳೆಣ್ಣೆ. ಮನೆಯಲ್ಲಿ ಇರೋದು ಒಂದೇ ಬಾತ್‌ರೂಮು. ಅಷ್ಟು ಹೇಳಿದರೆ ಸಾಕು.

ಅಕ್ಕಿ, ಹೆಸರುಕಾಳು ಉಳಿದಿದ್ದವು. ಒಂದು ಭಾನುವಾರ ಟೆರೇಸಿನ ಮೇಲೆ ಹಳೇ ಬೆಡ್‌ಶೀಟ್ ಹಾಸಿ ಹರಡಿದೆ. ಅಕ್ಕಿಯನ್ನು ಉರಿಬಿಸಿಲಿಗೆ ಹಾಕಿದರೆ ಬಿರಿದು ನುಚ್ಚಾಗುತ್ತದೆ, ನೆರಳಲ್ಲೇ ಹರಡಬೇಕು ಅಂತ ಅಮ್ಮ ಹೇಳಿದ್ದು ಸಂಜೆ. ಬಿಸಿಲೇರಿದಂತೆ ಹುಳಗಳು ಎದ್ದವು. ಸೊಂಡಿಲು ಮುಂದೆ ಮಾಡಿಕೊಂಡು, ಬೆಡ್‌ಶೀಟಿನ ಹೂವಿನ ಡಿಸೈನ್ ದಾಟಿ, ಸಾಲಾಗಿ ಹೊರಟವು. ಗೆದ್ದೆ ಅಂದುಕೊಂಡೆ. ಅವು ಹೊರಟಿದ್ದು ಯಾವ ಕಡೆ ಅಂತ ನೋಡಲೇ ಇಲ್ಲ.

ಮೂರಡಿ ಆಚೆ, ಕೆಳಗಿನ ಮನೆ ಆಂಟಿ ಅಕ್ಕಿ ಸಂಡಿಗೆ ಇಟ್ಟಿದ್ದರು. ಇನ್ನೂ ಹಸಿ. ಪಕ್ಕದಲ್ಲಿ ಕಾಗೆ ಓಡಿಸಲು ಕಪ್ಪು ಕೊಡೆ ಬಿಚ್ಚಿಟ್ಟಿದ್ದರು. ಬಿಸಿಲಿಗೆ ಬೆಂದ ನಮ್ಮವರಿಗೆ ಆ ಕೊಡೆಯ ನೆರಳು ಬಹಳ ಹಿಡಿಸಿತು ಅಂತ ಕಾಣುತ್ತದೆ. ನಾನು ನೋಡುವಷ್ಟರಲ್ಲಿ ಮುಂದಿನ ತುಕಡಿ ಚಾಪೆ ಮುಟ್ಟಿತ್ತು. ಪೊರಕೆಯಲ್ಲಿ ಆದಷ್ಟು ಗುಡಿಸಿದೆ. ಸಂಡಿಗೆಯ ಮೇಲೆ ಪೊರಕೆ ಆಡಿಸುವಂತಿಲ್ಲವಲ್ಲ. ಬೆಡ್‌ಶೀಟ್ ಸುತ್ತಿಕೊಂಡು, ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದೆ.

ಈಗ ನಮ್ಮ ಮನೆ ಪದ್ಧತಿ ಬದಲಾಗಿದೆ. ರವೆ ತಂದ ದಿನವೇ ಹುರಿದು, ಆರಿಸಿ, ಬಿಗಿ ಮುಚ್ಚಳದ ಡಬ್ಬಿಗೆ. ಗೋಧಿ ಹಿಟ್ಟು ಒಂದು ವಾರ ಫ್ರೀಜರಿಗೆ. ಜರಡಿಗೆ ಸಿಗೋದು ದೊಡ್ಡ ಹುಳ ಮಾತ್ರ, ಹಿಟ್ಟು ಮೆತ್ತಿಕೊಂಡ ಮೊಟ್ಟೆ ಹಿಟ್ಟಿನ ಜೊತೆಗೇ ಇಳಿದು ಹೋಗುತ್ತದೆ. ಅದಕ್ಕೆ ಮದ್ದು ಚಳಿಯೇ. ಫ್ರೀಜರಿನಲ್ಲಿ ಜಾಗ ಮಾಡಿಕೊಡುತ್ತೇನೆ ಅಂತ ಮಗ ಒಂದು ಲೀಟರ್ ಐಸ್‌ಕ್ರೀಮನ್ನು ಒಂದೇ ಮಧ್ಯಾಹ್ನ ಖಾಲಿ ಮಾಡಿದ. ಅಷ್ಟು ಜವಾಬ್ದಾರಿ ಅವನಲ್ಲಿ ಹಿಂದೆಂದೂ ಕಂಡಿರಲಿಲ್ಲ.

ಯುಗಾದಿಯ ದಿನ ಬಾಗಿಲು ತಟ್ಟಿದ ಸದ್ದು. ಕೆಳಗಿನ ಮನೆ ಆಂಟಿ. ಕೈಯಲ್ಲಿ ತಟ್ಟೆ ತುಂಬ ಆಗ ತಾನೇ ಕರಿದ ಸಂಡಿಗೆ, ಒಳ್ಳೆ ಅರಳಿದೆ. ಅಲ್ಲಲ್ಲಿ ಕಪ್ಪು ಚುಕ್ಕಿ.

"ಈ ಸಲ ಜೀರಿಗೆ ಸ್ವಲ್ಪ ಜಾಸ್ತಿ ಆಯ್ತು ಕಣಪ್ಪ, ಅಡ್ಜಸ್ಟ್ ಮಾಡ್ಕೊಳ್ಳಿ" ಅಂದರು.

ಬಾಗಿಲು ಹಾಕಿದೆವು. ಮೂವರೂ ಕಿಟಕಿ ಹತ್ತಿರ ಕೂತು, ಒಂದೊಂದೇ ಸಂಡಿಗೆಯನ್ನು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ ತಿಂದೆವು. ಒಂದೆರಡನ್ನು ಮಾತ್ರ ಯಾರೂ ಮುಟ್ಟಲಿಲ್ಲ.