ಸಂಜೆ 7ರ ನಂತರ ನನ್ನೂರು ನನಗಿರಲಿ

ಕೆಲಸ ಸಾಕಾಗಿದೆ ಎಂದರೆ ನಮ್ಮ ಕಡೆ ಎರಡೇ ಮಾತು ಹೇಳುತ್ತಾರೆ. ಒಂದು, "ಬಿಟ್ಟ್ ಬಿಡವಾ, ಬ್ಯಾರೆ ನೋಡು." ಇನ್ನೊಂದು, "ಎಲ್ಲಾ ಕಡೆ ಹಂಗ ಐತಿ, ಹೊಂದ್ಕೊಂಡು ಹೋಗು." ಎರಡನ್ನೂ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಬಿಡೋಣವೆಂದರೆ ಮನೆ ಖರ್ಚು ಬಿಡುವುದಿಲ್ಲ. ಹೊಂದಿಕೊಳ್ಳೋಣವೆಂದರೆ ಮನಸ್ಸು ಒಪ್ಪುವುದಿಲ್ಲ. ಹೀಗೆ ನಡುವೆ ಸಿಕ್ಕವರು ವಿಜಯಪುರದಲ್ಲಿ ಬಹಳ ಜನ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಸಾಲ ಕೊಡುವ ಒಂದು ಖಾಸಗಿ ಸಂಸ್ಥೆಯಲ್ಲಿದ್ದೇನೆ. ಕಂತು ಬಾಕಿ ಇರುವವರಿಗೆ ಫೋನ್ ಹಚ್ಚುವುದು ನನ್ನ ಕೆಲಸ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ, ಎಲ್ಲಾ ನಮ್ಮದೇ ಜಿಲ್ಲೆಯ ಜನ. ಫೋನ್ ಎತ್ತಿದವರ ದನಿ ನಮ್ಮ ಕಾಕಾನದೋ ಅತ್ತಿಯದೋ ಇದ್ದ ಹಾಗೆ ಇರುತ್ತದೆ. ಇಂಡಿ ಕಡೆಯ ರೈತರೊಬ್ಬರು ಒಮ್ಮೆ, "ತಂಗಿ, ಲಿಂಬಿಗೆ ರೇಟ್ ಇಲ್ಲವಾ, ಕಿತ್ತ ಕೂಲಿನೂ ಹುಟ್ಟವಲ್ದು" ಎಂದರು. ಗಿಡ ಎಷ್ಟಿವೆ, ಬೋರಿನಲ್ಲಿ ನೀರು ಇದೆಯಾ ಎಂದು ಕೇಳಬೇಕು ಅನಿಸಿತು. ಕೇಳುವಂತಿಲ್ಲ. ಏನು ಹೇಳಬೇಕೆಂದು ಮೊದಲೇ ಬರೆದುಕೊಟ್ಟಿರುತ್ತಾರೆ, ಅಷ್ಟನ್ನೇ ಓದಬೇಕು. ಕರೆ ರೆಕಾರ್ಡ್ ಆಗುತ್ತದೆ. ಮಾತು ಮೆತ್ತಗಾದರೆ ಮರುದಿನ ಮೀಟಿಂಗಿನಲ್ಲಿ ಎಲ್ಲರೆದುರು ಅದನ್ನು ಹಾಕಿ ಕೇಳಿಸುತ್ತಾರೆ. ತಿಂಗಳ ಕೊನೆಯ ವಾರದ ಬಗ್ಗೆ ಹೇಳುವುದೇ ಬೇಡ.

ಇಷ್ಟಾದರೂ ಸಂಜೆ ಆಫೀಸಿನ ಮೆಟ್ಟಿಲಿಳಿದ ಮೇಲೆ ನನಗೆ ಈ ಊರಿನಲ್ಲಿ ಖುಷಿ ಸಿಗುತ್ತದೆ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ, ನಿಜವಾಗಿ ಸಿಗುತ್ತದೆ.

ಮೊದಲು ಗಾಂಧಿಚೌಕದ ಕಡೆ ಗಿರಮಿಟ್. ಗಾಡಿಯ ಪಕ್ಕ ನಿಂತು ಅದನ್ನು ಮಾಡುವುದನ್ನು ನೋಡಬೇಕು. ಉಳ್ಳಾಗಡ್ಡಿ, ಟೊಮೆಟೊ, ಹುಣಸೆ ರಸ, ಚೂರು ಬೆಲ್ಲ ಹಾಕಿ ಮೊದಲೇ ಕುದಿಸಿಟ್ಟ ಒಗ್ಗರಣೆ ಒಂದು ಕಡೆ. ಚುರುಮುರಿ ಇನ್ನೊಂದು ಕಡೆ. ಕೇಳಿದ ಮೇಲೆಯೇ ಎರಡನ್ನೂ ಕಲಸುತ್ತಾರೆ. ಮೊದಲೇ ಕಲಸಿಟ್ಟರೆ ಮೆತ್ತಗಾಗಿ ಹೋಗುತ್ತದೆ. ಪುಟಾಣಿ ಹಿಟ್ಟು ಉದುರಿಸಿ, ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು. "ಅಕ್ಕಾರ, ಖಾರ ಇರ್ಲೇನ್ರಿ?" ಎಂದು ಕೇಳುತ್ತಾರೆ. ಇಡೀ ದಿನದಲ್ಲಿ ನನಗೆ ಏನು ಬೇಕು ಎಂದು ಒಬ್ಬರು ಕೇಳುವುದು ಆಗಲೇ. ಜೊತೆಗೆ ಬಾಣಲೆಯಿಂದ ಆಗಷ್ಟೇ ತೆಗೆದ ಮಿರ್ಚಿ ಭಜಿ. ಒಳಗಿನ ಮೆಣಸಿನಕಾಯಿ ನಾಲಿಗೆ ಸುಡುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಆಗ ತಲೆಯಲ್ಲಿ ಬಾಕಿ ಪಟ್ಟಿ ಉಳಿಯುವುದಿಲ್ಲ.

ಅಲ್ಲಿಂದ ಗಗನ ಮಹಲ್ ತೋಟಕ್ಕೆ ಹೋಗುತ್ತೇನೆ. ಅದನ್ನು 1561ರ ಸುಮಾರಿಗೆ ಮೊದಲನೇ ಅಲಿ ಆದಿಲ್‌ಶಾಹ ಕಟ್ಟಿಸಿದ. ಚಾವಣಿ ಯಾವಾಗಲೋ ಹೋಗಿದೆ. ಮಧ್ಯದ ಕಮಾನು ಮಾತ್ರ ಸುಮಾರು 60 ಅಡಿ ಅಗಲ, ಅದರೊಳಗಿಂದ ಆಕಾಶ ಪೂರ್ತಿ ಕಾಣುತ್ತದೆ. ಗಿಳಿಗಳ ಗದ್ದಲ ಇರುತ್ತದೆ. ಹುಡುಗರು ಓಡಾಡುತ್ತಾರೆ, ಹಿರಿಯರು ವಾಕಿಂಗ್ ಮಾಡುತ್ತಾರೆ. ಊರು ನೋಡಲು ಬಂದವರು ಫೋಟೋ ತೆಗೆದು ಹೋಗುತ್ತಾರೆ. ನಾನು ಹುಲ್ಲಿನ ಮೇಲೆ ಕೂರುತ್ತೇನೆ, ಅಷ್ಟೇ.

ಈ ಅಷ್ಟೇ ಎನ್ನುವುದು ಹೆಣ್ಣುಮಕ್ಕಳಿಗೆ ಸುಲಭವಾಗಿ ಸಿಗುವುದಲ್ಲ. ಗಂಡಸರು ಕಟ್ಟೆಯ ಮೇಲೆ ಎಷ್ಟು ಹೊತ್ತು ಕೂತರೂ ಯಾರೂ ಯಾಕೆ ಎನ್ನುವುದಿಲ್ಲ. ನಾವು ಹೊರಗೆ ಕಾಣಬೇಕಾದರೆ ಒಂದು ಕೆಲಸ ಇರಬೇಕು. ಸಿದ್ಧೇಶ್ವರ ಗುಡಿಗೆ ಹೋಗಬೇಕು, ಕಾಯಿಪಲ್ಲೆ ತರಬೇಕು, ದವಾಖಾನೆಗೆ ಹೋಗಬೇಕು. ಕೆಲಸವಿಲ್ಲದೆ ಒಬ್ಬಳೇ ಕೂತರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಮೊದಮೊದಲು ನನಗೂ ಫೋನ್ ಕೈಯಲ್ಲಿ ಹಿಡಿದು ಯಾರನ್ನೋ ಕಾಯುವವಳ ಹಾಗೆ ಕೂರಬೇಕಾಗುತ್ತಿತ್ತು. ಈಗ ಫೋನ್ ಚೀಲದಲ್ಲಿರುತ್ತದೆ. ದಿನಾ ಬರುವ ಹೆಂಗಸರು ಈಗ "ಬಂದ್ರೇನ್ರಿ ಅಕ್ಕಾರ" ಎನ್ನುತ್ತಾರೆ. ಅವರಲ್ಲಿ ಒಬ್ಬರು ಟೇಲರ್, ಇನ್ನೊಬ್ಬರು ಅಂಗನವಾಡಿಯಲ್ಲಿದ್ದಾರೆ. ಅವರ ಕಥೆ ಕೇಳಿದರೆ ನನ್ನದೇ ವಾಸಿ ಅನಿಸುವ ದಿನಗಳೂ ಇವೆ. ಊರಿನ ಪೇಟೆಯಲ್ಲಿ ಬೆಳಕು, ಕೂರಲು ಜಾಗ, ಹೆಣ್ಣುಮಕ್ಕಳಿಗೆ ಸ್ವಚ್ಛ ಶೌಚಾಲಯ ಜಾಸ್ತಿ ಆದರೆ ಇನ್ನೂ ಎಷ್ಟೋ ಜನ ಹೀಗೆ ಹೊರಗೆ ಬರುತ್ತಾರೆ. ಇದು ಅಲಂಕಾರದ ಮಾತಲ್ಲ. ದುಡಿದು ಬಂದವರಿಗೆ ಊರು ಕೊಡಬೇಕಾದ್ದು.

ರವಿವಾರ ಕೆಲವೊಮ್ಮೆ ಗೋಳಗುಮ್ಮಟ. ಬೆಳಿಗ್ಗೆ 6ಕ್ಕೆ ಬಾಗಿಲು ತೆರೆದಾಗಲೇ ಹೋಗಬೇಕು. ಹೊತ್ತೇರಿದ ಮೇಲೆ ಮೇಲಿನ ಗ್ಯಾಲರಿಯಲ್ಲಿ ಕೂಗಾಟ ಬಿಟ್ಟರೆ ಏನೂ ಕೇಳಿಸುವುದಿಲ್ಲ. ಮೂಲೆಯ ಮಿನಾರಿನ ಕಿರಿದಾದ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಒಳಗೆ ಹೋದರೆ, ಆ ಹೊತ್ತಿನಲ್ಲಿ ನಮ್ಮ ಉಸಿರೂ ದೊಡ್ಡದಾಗಿ ಕೇಳುತ್ತದೆ. ದುಂಡನೆಯ ಗೋಡೆಯ ಗುಂಟ ದನಿ ಜಾರಿಕೊಂಡು ಹೋಗುತ್ತದಂತೆ. ಅದಕ್ಕೇ ಆಚೆ ಬದಿಯಲ್ಲಿ ಕಿವಿ ಹಚ್ಚಿದವರಿಗೆ ಪಿಸುಮಾತು ಪಕ್ಕದಲ್ಲೇ ಆಡಿದ ಹಾಗೆ ಸ್ಪಷ್ಟ. ಕೆಲಸದ ಗೆಳತಿಯೊಬ್ಬಳು ಅಲ್ಲಿಂದ "ಇವತ್ತು ರವಿವಾರ ಐತಿ" ಎಂದು ಪಿಸುಗುಟ್ಟಿದಳು. ಇಬ್ಬರೂ ನಕ್ಕೆವು. ನಕ್ಕದ್ದು ಇಡೀ ಗುಮ್ಮಟದಲ್ಲಿ ಮತ್ತೆ ಮತ್ತೆ ಕೇಳಿಸಿತು. ವಾರವೆಲ್ಲ ನಮ್ಮ ದನಿಯಿಂದ ಜನರನ್ನು ಹೆದರಿಸುವ ನಮಗೆ, ಅದೇ ದನಿ ಹಾಗೆ ತಿರುಗಿ ಬಂದದ್ದು ಎಷ್ಟು ಖುಷಿಯಾಯಿತು ಎಂದು ಹೇಳಲಾರೆ.

ಈಗ ಬೇರೆ ಮಾತು. ನಮ್ಮ ಆಫೀಸ್ ಗ್ರೂಪಿನಲ್ಲಿ ದಿನಾ ಬೆಳಿಗ್ಗೆ ಸೂರ್ಯೋದಯದ ಚಿತ್ರ ಬರುತ್ತದೆ. ಸಣ್ಣ ಸಣ್ಣದರಲ್ಲಿ ಸಂತೋಷ ಕಾಣಿರಿ, ನಗುನಗುತ್ತಾ ಇರಿ ಎಂದು. ಅದರ ಕೆಳಗೇ ಹಿಂದಿನ ದಿನ ಟಾರ್ಗೆಟ್ ಮುಟ್ಟದವರ ಹೆಸರು. ಇದನ್ನು ನಾನು ಒಪ್ಪುವುದಿಲ್ಲ. ನನ್ನ ಗಿರಮಿಟ್, ನನ್ನ ಹುಲ್ಲು ನನ್ನ ಬಾಯಿ ಮುಚ್ಚಿಸಲು ಇರುವ ಔಷಧಿಯಲ್ಲ. ಸಂಜೆ ಖುಷಿಯಾಗಿದ್ದೆ ಎಂದ ಮಾತ್ರಕ್ಕೆ ಹಗಲು ನಡೆದದ್ದು ಸರಿ ಆಗುವುದಿಲ್ಲ. ನನಗೆ ಆ ಖುಷಿಯೂ ಬೇಕು, ಈ ತಕರಾರೂ ಇರುತ್ತದೆ.

ತಕರಾರು ಏನೆಂದು ಸ್ಪಷ್ಟವಾಗಿಯೇ ಹೇಳುತ್ತೇನೆ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಬಾಕಿ ವಸೂಲಿಗೆ ಸಾಲಗಾರರಿಗೆ ಫೋನ್ ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಹೇಳಿದೆ. ಬಹಳ ಒಳ್ಳೆಯ ನಿಯಮ. ದುಡಿದು ಬಂದವರು ಮನೆಯಲ್ಲಿ ನೆಮ್ಮದಿಯಿಂದ ಎರಡು ರೊಟ್ಟಿ ತಿನ್ನಲಿ. ಆದರೆ ಅವರಿಗೆ ಫೋನ್ ಹಚ್ಚುವ ನನಗೆ? ರಾತ್ರಿ 9ಕ್ಕೂ ರಿವ್ಯೂ ಕಾಲ್ ಬರುತ್ತದೆ. ಕೈಯಲ್ಲಿ ಹಿಟ್ಟಿರುತ್ತದೆ, ಹಂಚಿನ ಮೇಲೆ ರೊಟ್ಟಿ ಇರುತ್ತದೆ, ಆ ಕಡೆಯಿಂದ ನಂಬರ್ ಕೇಳುತ್ತಾರೆ. ಸಾಲಗಾರರಿಗೆ ಸಿಕ್ಕ ಆ ಸಂಜೆ 7ರ ಗಡಿ ನಮಗೂ ಸಿಗಬೇಕು. ಇದನ್ನು ಮೀಟಿಂಗಿನಲ್ಲಿ ಹೇಳಿದ್ದೇನೆ. "ನೋಡೋಣ" ಎಂದಿದ್ದಾರೆ. ಮತ್ತೆ ಹೇಳುತ್ತೇನೆ. ಇಬ್ಬರು ಹೇಳಿದರೆ ಇನ್ನೂ ಚಲೋ, ಹತ್ತು ಜನ ಹೇಳಿದರೆ ಕೇಳಲೇಬೇಕಾಗುತ್ತದೆ.

ಅಲ್ಲಿಯವರೆಗೆ ಕಾಯುತ್ತಾ ಕೂರುವುದು ಬೇಡ, ಅಲ್ವಾ? ಚಳಿಗಾಲ ಬರುತ್ತಿದೆ. ಇನ್ನು ಸುಲಗಾಯಿ ಎಂದರೆ ಹಸಿ ಕಡಲೆ ಬರುತ್ತದೆ, ಆಮೇಲೆ ಎಳೆ ಜೋಳದ ಸೀತನಿ. ಎಳ್ಳು ಅಮಾವಾಸ್ಯೆಗೆ ಅವ್ವ ಈಗಲೇ ಸಜ್ಜಿ ಹಸನು ಮಾಡಿಟ್ಟಿದ್ದಾಳೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪುಂಡಿ ಪಲ್ಲೆ, ಬದನೆಕಾಯಿ, ಶೇಂಗಾ ಹೋಳಿಗೆ, ಅಗಸಿ ಹಿಂಡಿ, ಎಲ್ಲಾ ಬುಟ್ಟಿಯಲ್ಲಿ ಕಟ್ಟಿಕೊಂಡು ಊರ ಹೊಲಕ್ಕೆ ಹೋಗುತ್ತೇವೆ. ಬನ್ನಿ ಗಿಡದ ಕೆಳಗೆ ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡುತ್ತೇವೆ. ಬೆಳೆದು ನಿಂತ ಬಿಳಿಜೋಳದ ನಡುವೆ ಚರಗ ಚೆಲ್ಲುತ್ತೇವೆ, ಅಂದರೆ ಭೂಮಿತಾಯಿಗೆ ಎಡೆಯ ಅಡುಗೆ ಎರಚುತ್ತೇವೆ. ಆ ದಿನಕ್ಕೆ ರಜೆ ಅರ್ಜಿ ಕೊಟ್ಟಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಬಂದರೂ ಬರದಿದ್ದರೂ ಆ ದಿನ ನಾನು ಹೊಲದಲ್ಲೇ ಇರುತ್ತೇನೆ. ನಾನು ಫೋನ್ ಹಚ್ಚಬೇಕಾದವರೂ ಅವತ್ತು ಅವರವರ ಹೊಲದಲ್ಲೇ ಇರುತ್ತಾರೆ.